ಬಾಕಿಯ ಗಡಿಗೆ

ಕಲಬುರಗಿಯ ಶಹಾಬಜಾರದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಗೂಡುಗಳಿದ್ದವು. ಒಂದರಲ್ಲಿ ದೀಪ, ವಿಭೂತಿ ಗಟ್ಟಿ, ಅಪ್ಪನ ಪೂಜೆಯ ಸಾಮಾನು. ಇನ್ನೊಂದರಲ್ಲಿ ಒಂದು ಮಣ್ಣಿನ ಗಡಿಗೆ, ಅದರೊಳಗೆ ಸಿಪ್ಪೆ ಸುಲಿಯದ ಶೇಂಗಾ. ಮೊದಲನೆಯ ಗೂಡಿಗೆ ನಾವು ಮಕ್ಕಳು ಕೈಮುಗಿಯುತ್ತಿದ್ದೆವು, ಎರಡನೆಯದಕ್ಕೆ ಹೆದರುತ್ತಿದ್ದೆವು. ಎಷ್ಟೇ ಹಸಿವಾದರೂ ಆ ಗಡಿಗೆಯೊಳಗೆ ಕೈ ಹಾಕುವಂತಿರಲಿಲ್ಲ. ಅದು ನನ್ನ ಅಣ್ಣ ಬಸವರಾಜನ ಬಾಕಿ. ದಿನಾ ಬೆಳಿಗ್ಗೆ ಅಣ್ಣ ಪಡಸಾಲೆಯಲ್ಲಿ ಬಸ್ಕಿ ಹೊಡೆಯುತ್ತಿದ್ದ. ಒಮ್ಮೆ ಕೂತು ಎದ್ದರೆ ಒಂದು ಶೇಂಗಾ ತುಂಬಿದ ತಾಮ್ರದ ಬಟ್ಟಲಿನಿಂದ ಖಾಲಿ ಬಟ್ಟಲಿಗೆ ಬೀಳಬೇಕು. ಬಟ್ಟಲು ಬರಿದಾದರೆ ಅವತ್ತಿನ ಲೆಕ್ಕ ಮುಗಿಯಿತು, ಆ ಶೇಂಗಾ ಹುರಿದು ಅಣ್ಣನೇ ತಿನ್ನಬಹುದು. ಮದುವೆಗೋ ಜಡ್ಡಿಗೋ ಒಂದು ದಿನ ತಪ್ಪಿತೆಂದರೆ ಅವತ್ತಿನ ಬಟ್ಟಲನ್ನು ಅಪ್ಪ ಹಾಗೇ ಗಡಿಗೆಗೆ ಸುರಿಯುತ್ತಿದ್ದ. ರಜೆಯ ದಿನಗಳಲ್ಲಿ ಹೆಚ್ಚಿಗೆ ಬಸ್ಕಿ ಹೊಡೆದು ಒಂದೊಂದೇ ಹಿಡಿ ಅದರಿಂದ ಬಿಡಿಸಿಕೊಳ್ಳಬೇಕು. ಇದು ಯಾವ ಗರಡಿಯ ಪದ್ಧತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನೇ ಹುಟ್ಟಿಸಿದ್ದಿರಬೇಕು.

"ಮೈಗೆ ಬಾಕಿ ಇಡಬಾರ್ದು. ಇವತ್ತ ಬಿಟ್ಟದ್ದು ನಾಳೆ ಬಂದು ಕೇಳ್ತದ" ಎನ್ನುತ್ತಿದ್ದ.

ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹರೆಯದಲ್ಲಿ ಓಣಿಯ ತಾಲೀಮಿನಲ್ಲಿ ಕುಸ್ತಿ ಆಡುತ್ತಿದ್ದನಂತೆ. ಮೊಣಕಾಲು ತಿರುಚಿ ಕುಸ್ತಿಯೂ ಹೋಯಿತು, ಪೊಲೀಸ್ ಭರ್ತಿಯೂ ಹೋಯಿತು. ಅವನ ಮೈ ಅರ್ಧಕ್ಕೇ ನಿಂತುಬಿಟ್ಟಿತ್ತು, ಉಳಿದರ್ಧ ಅಣ್ಣನ ಮೈಯಲ್ಲಿ ಬೆಳೆಯಬೇಕಿತ್ತು. ಹಾಗಾಗಿ ನಮ್ಮ ಪಡಸಾಲೆ ಅತಿಥಿಗಳು ಕೂರುವ ಜಾಗವಾಗಿರಲೇ ಇಲ್ಲ. ಮೂಲೆಯಲ್ಲಿ ಗದೆಯಂತೆ ತಿರುಗಿಸುವ ಮರದ ಕರೇಲಗಳು ನಿಂತಿರುತ್ತಿದ್ದವು, ಗೋಡೆಗೆ ಒಂದು ಕರಿದಾರ ನೇತಾಡುತ್ತಿತ್ತು. ಆ ದಾರದಿಂದ ಅಪ್ಪ ಪ್ರತಿ ಅಮಾವಾಸ್ಯೆಗೆ ಅಣ್ಣನ ತೋಳು, ತೊಡೆ ಅಳೆದು ಗಂಟು ಹಾಕುತ್ತಿದ್ದ. ಬಂದ ನೆಂಟರು ಅಡುಗೆಮನೆಯ ಬಾಗಿಲಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದರು. ನೆಲಕ್ಕೆ ಹಾಸಿದ್ದ ಶಹಾಬಾದ್ ಫರಸಿಯಲ್ಲಿ ಅಣ್ಣನ ಪಾದಗಳು ಬೀಳುವ ಜಾಗ ಬೆವರಿಗೆ ಕಪ್ಪಾಗಿತ್ತು. ಅವ್ವ ಎಷ್ಟು ತಿಕ್ಕಿದರೂ ಆ ಕಲೆ ಹೋಗಲಿಲ್ಲ.

ಅಡುಗೆಮನೆಯಲ್ಲೂ ಅದೇ ರಾಜ್ಯಭಾರ. ನಮ್ಮದು ತತ್ತಿ ಮುಟ್ಟದ ಮನೆ, ಹಾಗಾಗಿ ಹಾಲು, ತುಪ್ಪ, ನೆನೆಸಿದ ಕಡಲೆ, ಬದಾಮಿ ಎಲ್ಲ ಅಣ್ಣನ ಹೊಟ್ಟೆಗೆ. ಕಮಲಾಪುರದಲ್ಲಿ ಅವ್ವನ ತವರು, ಅಲ್ಲಿ ಅವ್ವನ ತಾಯಿ, ನಮ್ಮ ಆಯಿಗೆ ಒಂದಿಷ್ಟು ಬಾಳೆ ತೋಟ. ಆ ಊರಿನ ಕೆಂಪು ಬಾಳೆಹಣ್ಣನ್ನು ತಿಂದವರಿಗೆ ಬೇರೆ ಹಣ್ಣು ರುಚಿಸುವುದಿಲ್ಲ. ದಪ್ಪ, ಮಣ್ಣಿನ ಬಣ್ಣದ ಸಿಪ್ಪೆ, ಒಳಗೆ ಬೆಣ್ಣೆ. ಬಸ್ಸಿಗೆ ಹಾಕಿ ಕಳಿಸಿದ ಗೊನೆ ಬಂದೊಡನೆ ಅಪ್ಪ ಅದನ್ನು ತೊಲೆಗೆ ಕಟ್ಟುತ್ತಿದ್ದ. ನನಗೆ ಸಿಗುತ್ತಿದ್ದುದು ಜಾಸ್ತಿ ಹಣ್ಣಾಗಿ ಉದುರಿದ್ದು ಮಾತ್ರ. ಹಾಲಿನ ಕೆನೆಗಾಗಿ ನಾನು ಒಮ್ಮೆ ರಂಪ ಮಾಡಿದ್ದು ನೆನಪಿದೆ. ರೊಟ್ಟಿಯ ತಟ್ಟೆ ದೂಡಿ ಕೂತಿದ್ದೆ.

"ನಂಗ ಯಾಕ ಬರೇ ಚಹಾ? ನಾ ಏನ್ ಪರದೇಶಿ ಕೂಸೇನು?"

"ನೀ ಭರ್ತಿಗಿ ಹೋಗಾಕಿ ಏನು?" ಎಂದ ಅಪ್ಪ.

"ಹೋಗ್ತೀನಿ."

ಅಪ್ಪ ನಕ್ಕುಬಿಟ್ಟ. ಅವನು ನಗುವುದು ಅಪರೂಪ, ಆದ್ದರಿಂದ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಣ್ಣ ತನ್ನ ಲೋಟದ ಕೆನೆಯನ್ನು ಬೆರಳಿನಿಂದ ಎತ್ತಿ ನನ್ನ ರೊಟ್ಟಿಗೆ ಸವರಿದ. ಅವನು ಹಾಗೆಯೇ ಇದ್ದ. ಊರಿಗೆಲ್ಲ ಪೈಲ್ವಾನ, ನನ್ನ ಮುಂದೆ ಮೆತ್ತಗಿನ ಮನುಷ್ಯ. ಓಣಿಯಲ್ಲಿ ಹೋಗುವಾಗ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಳ್ಳುತ್ತಿದ್ದ, ಮೇಲಿನಿಂದ ಜನರ ಮಾಳಿಗೆಗಳು ಕಾಣುತ್ತಿದ್ದವು.

ಶೇಂಗಾ ಎಣಿಸುವ ಕೆಲಸ ನನ್ನದು. ಅಪ್ಪ ಕಣ್ಣುಮುಚ್ಚಿ ಲಿಂಗಪೂಜೆಗೆ ಕೂತಿರುತ್ತಿದ್ದ, ಅಣ್ಣ ಅವನ ಎದುರು ಬಸ್ಕಿ ಹೊಡೆಯುತ್ತಿದ್ದ, ನಾನು ಕಂಬಕ್ಕೆ ಒರಗಿ ಎರಡು ಬಟ್ಟಲು ಇಟ್ಟುಕೊಂಡು ಕೂರುತ್ತಿದ್ದೆ. ಅಣ್ಣನ ತೊಡೆ ನಡುಗಲು ಶುರುವಾದರೆ ನಾನು ಒಂದರ ಬದಲು ಎರಡು ಕಾಯಿ ಎತ್ತಿ ಹಾಕುತ್ತಿದ್ದೆ. ಅಣ್ಣ ನೋಡಿಯೂ ನೋಡದಂತೆ ಮೀಸೆಯೊಳಗೇ ನಗುತ್ತಿದ್ದ. ಆದರೆ ಅಪ್ಪನ ಪೂಜೆ ಕಿವಿಯಲ್ಲಿತ್ತು. ಒಂದು ದಿನ ತಾಮ್ರಕ್ಕೆ ಶೇಂಗಾ ಬಿದ್ದ ಸದ್ದು ಒಂದರ ಬೆನ್ನಿಗೆ ಇನ್ನೊಂದು ಕೇಳಿದೊಡನೆ ಕಣ್ಣು ಬಿಡದೆಯೇ "ಮಾದೇವೀ" ಎಂದು ನನ್ನ ಹೆಸರು ಹಿಡಿದು ಕರೆದ. ಅಷ್ಟೇ. ನನ್ನನ್ನು ಹೊಡೆಯಲಿಲ್ಲ. ಬಟ್ಟಲನ್ನು ಮತ್ತೆ ತುಂಬಿಸಿ ಅಣ್ಣನಿಂದ ಮೊದಲಿನಿಂದ ಶುರು ಮಾಡಿಸಿದ. ಆಮೇಲೆ ನಾನು ಒಂದನ್ನು ಸದ್ದಾಗುವಂತೆ ಬೀಳಿಸಿ ಇನ್ನೊಂದನ್ನು ಸದ್ದಿಲ್ಲದೆ ಬಟ್ಟಲಿನ ಅಂಚಿಗೆ ಜಾರಿಸುವುದನ್ನು ಕಲಿತೆ. ನನ್ನ ಬಾಲ್ಯದ ಏಕೈಕ ವಿದ್ಯೆ ಅದು.

ಇನ್ನೊಂದು ಕಟ್ಟಳೆ ನೀರಿನದು. ಸಾಮು ಮುಗಿದ ಮೇಲೆ ಬೆವರು ಮೈಮೇಲೇ ಆರುವವರೆಗೆ ಒಂದು ಗುಟುಕು ನೀರು ಕುಡಿಯುವಂತಿಲ್ಲ. ಕುಡಿದರೆ ಮಾಂಸ ಸಡಿಲಾಗುತ್ತದೆ ಎಂದು ಅಪ್ಪನ ನಂಬಿಕೆ. ನಮ್ಮ ಊರಿನ ಬೇಸಿಗೆ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಗ ಸ್ಟೇಶನ್ ಬಜಾರದಲ್ಲಿ ಕನ್ನಡಿ ಹಾಕಿದ ಹೊಸ ಜಿಮ್ಮು ಬಂದಿತ್ತು. ಅಣ್ಣನ ಗೆಳೆಯ ಇರ್ಫಾನ್ ಅಲ್ಲಿಗೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಒಣ ತುಟಿ ಸವರಿಕೊಳ್ಳುತ್ತ ಕೂತಿದ್ದ ಅಣ್ಣನನ್ನು ನೋಡಿ ಕೇಳಿದ:

"ಕ್ಯಾ ರೇ ಬಸು, ಪಾನಿ ಕ್ಯೂಂ ನೈ ಪೀತಾ? ನಮ್ಮ ಜಿಮ್ಮಿನಾಗ ಉಸ್ತಾದ ನೀರು ಕುಡಿ, ನೀರು ಕುಡಿ ಅಂತ ಬೈತಾನ. ವಾರದಾಗ ಒಂದಿನ ಸುಮ್ನ ಮಲ್ಕೋ ಅಂತಾನ."

ಒಳಗಿನಿಂದ ಅಪ್ಪ ಉತ್ತರ ಕೊಟ್ಟ. "ಕನ್ನಡಿ ಮುಂದ ನಿಂತು ಮೈ ನೋಡ್ಕೊಳ್ಳೋದು ತಾಲೀಮಲ್ಲಪ್ಪಾ ಇರ್ಫಾನ್. ಮಲ್ಕೊಳ್ಳಾಕ ಮನಿ ಅದ, ಜಿಮ್ಮಿಗಿ ಯಾಕ ಹೋಗ್ಬೇಕು?"

ಇರ್ಫಾನ್ ನಕ್ಕ, ಅಣ್ಣನೂ ನಕ್ಕ. ನೀರು ಮಾತ್ರ ಕುಡಿಯಲಿಲ್ಲ.

ಅಣ್ಣನ ಪಿಯುಸಿ ಮುಗಿದ ಮರುವರ್ಷ ಪೊಲೀಸ್ ಭರ್ತಿಯ ಕರೆ ಬಂತು. ಅದೇ ಹೊತ್ತಿಗೆ ಅವನಿಗೆ ಜ್ವರ ಹಿಡಿಯಿತು. ಬಿಡುವ ಜ್ವರವಲ್ಲ, ಮಂಚಕ್ಕೆ ಅಂಟಿಸುವ ಜ್ವರ. ಗಂಜಿಯೂ ನಿಲ್ಲದೆ ಅಣ್ಣನ ಕೆನ್ನೆ ಒಳಸೇರಿತು. ಅವ್ವ ಹಣೆಗೆ ಒದ್ದೆ ಬಟ್ಟೆ ಬದಲಿಸುತ್ತ ಕೂತಿರುತ್ತಿದ್ದಳು. ಅಪ್ಪ ಪೂಜೆ ಮುಗಿಸಿ ಎದ್ದು, ಅವತ್ತಿನ ಬಟ್ಟಲನ್ನು ತಂದು ಗಡಿಗೆಗೆ ಸುರಿಯುತ್ತಿದ್ದ. ಶೇಂಗಾ ಬೀಳುವ ಆ ಜರ್ರೆಂಬ ಸದ್ದು ಮಂಚದವರೆಗೂ ಕೇಳುತ್ತಿತ್ತು, ಅಣ್ಣ ಗೋಡೆಯ ಕಡೆ ಹೊರಳುತ್ತಿದ್ದ. ಅಪ್ಪ ಕೆಟ್ಟವನಾಗಿರಲಿಲ್ಲ ಎಂದು ಜನ ಹೇಳುತ್ತಾರೆ. ಇರಬಹುದು. ಔಷಧಿಗೆ ಅವನೇ ಓಡಾಡಿದ, ಮಗನ ಕಾಲೊತ್ತಿದ. ಆದರೆ ಬಟ್ಟಲು ಸುರಿಯುವುದನ್ನು ಒಂದು ದಿನವೂ ಬಿಡಲಿಲ್ಲ. ಅಣ್ಣ ಎದ್ದು ಕೂರುವ ಹೊತ್ತಿಗೆ ಗಡಿಗೆ ಕಂಠದವರೆಗೆ ತುಂಬಿತ್ತು, ಭರ್ತಿ ಹತ್ತಿರ ಬಂದಿತ್ತು.

"ಜ್ವರದಿಂದ ಎದ್ದ ಕೂಸು ಅದು. ಜರಾ ರಕ್ತ ಆಗ್ಲಿ ಮೈಯಾಗ" ಎಂದಳು ಅವ್ವ.

"ಕೂತರ ರಕ್ತ ಆಗಂಗಿಲ್ಲ, ಎದ್ದು ಮೆಹನತ್ ಮಾಡಿದ್ರ ಆಗ್ತದ."

"ಬಾಕಿ ಹಿಂದಾಗಡಿ ನೋಡಿದ್ರಾತು ರೀ."

ಅವ್ವನಿಗೆ ಉತ್ತರ ಕೊಟ್ಟವನು ಅಣ್ಣ. "ಇರ್ಲಿ ಬಿಡವ್ವಾ. ಗಡಿಗಿ ನೋಡಿದ್ರ ನಂಗ ನಿದ್ದಿ ಬರವಲ್ದು. ಒಮ್ಮೆ ತೀರಿಸಿ ಬಿಡ್ತೀನಿ."

ಈ ಮಾತು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಪ್ಪ ಎಳೆದು ನಿಲ್ಲಿಸಿದ್ದರೆ ನಾವು ಅವನೊಬ್ಬನನ್ನೇ ಶಪಿಸಿ ಸುಮ್ಮನಾಗಬಹುದಿತ್ತು. ಅಣ್ಣ ತಾನಾಗಿಯೇ ಲಂಗೋಟಿ ಬಿಗಿದು ಬಂದ. ಚಿಕ್ಕಂದಿನಿಂದ ಆ ಗೂಡನ್ನು ನೋಡಿ ಬೆಳೆದವನಿಗೆ ಜ್ವರವೂ ತನ್ನದೇ ತಪ್ಪು ಅನ್ನಿಸಿತ್ತು. ನಾನು ಎಂದಿನಂತೆ ಕಂಬಕ್ಕೆ ಒರಗಲು ಹೋದೆ. ಅವತ್ತು ಬಟ್ಟಲನ್ನು ಅಪ್ಪನೇ ಹಿಡಿದುಕೊಂಡ, ನನ್ನನ್ನು ಅಡುಗೆಮನೆಗೆ ಕಳಿಸಿದ. ಪೂಜೆಯನ್ನೂ ಬೇಗ ಮುಗಿಸಿಬಿಟ್ಟಿದ್ದ. ನಾನು ಅವ್ವನ ಪಕ್ಕ ಕೂತು ಶೇಂಗಾ ಬೀಳುವ ಸದ್ದು ಕೇಳುತ್ತಿದ್ದೆ. ಅವ್ವ ರೊಟ್ಟಿ ಬಡಿದು ಮುಗಿಸಿದಳು, ಪುಂಡಿಪಲ್ಲೆ ಕುದಿಸಿ ಇಳಿಸಿದಳು, ಒಲೆ ಆರಿತು, ಸದ್ದು ನಿಲ್ಲಲಿಲ್ಲ. ಬಿಸಿಲು ಅಂಗಳದಿಂದ ಪಡಸಾಲೆಗೆ ಹತ್ತಿತು. ಅಣ್ಣನ ಉಸಿರು ಗರಗಸದಂತೆ ಕೇಳುತ್ತಿತ್ತು.

"ಅಪ್ಪಾ, ಕಾಲು ನಡುಗಾಕತ್ತಾವ."

"ನಡುಗಲಿ. ನಡುಗಿದ ಮ್ಯಾಲೇ ಗಟ್ಟಿ ಆಗ್ತಾವ."

"ಜರಾ ನೀರು..."

"ಬೆವರು ಆರಲಿ."

ಅವ್ವ ಚಂಬು ಹಿಡಿದು ಹೊಸ್ತಿಲವರೆಗೆ ಹೋಗಿ, ಅಪ್ಪನ ಮುಖ ನೋಡಿ ವಾಪಸು ಬಂದಳು. ಚಂಬನ್ನು ನೆಲಕ್ಕೆ ಕುಕ್ಕಿದಳು. ಗಡಿಗೆ ಪೂರ್ತಿ ಬರಿದಾಗುವ ಮೊದಲೇ ಅಣ್ಣ ಕುಸಿದು ಕೂತ. ಇನ್ನು ಸ್ವಲ್ಪವೇ ಉಳಿದಿದ್ದರಿಂದ ಅಪ್ಪ ಖುಷಿಯಾಗಿದ್ದ, ಮಗನ ಬೆನ್ನು ತಟ್ಟಿದ.

ಮರುದಿನ ಅಣ್ಣನಿಗೆ ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ತೊಡೆಗಳು ಊದಿ ಕಲ್ಲಿನಂತೆ ಬಿಗಿದಿದ್ದವು, ಮುಟ್ಟಿದರೆ ಚೀರುತ್ತಿದ್ದ. ಅಪ್ಪ ಕರಿದಾರ ತಂದು ತೊಡೆಗೆ ಸುತ್ತಿದ. ಹಳೆಯ ಗಂಟು ಹತ್ತಿರಕ್ಕೂ ಬರಲಿಲ್ಲ.

"ನೋಡಿಲ್ಲಿ! ದಾರ ಸಾಲವಲ್ದು. ಒಂದೇ ದಿನದಾಗ ತೊಡಿ ಹ್ಯಾಂಗ ತುಂಬ್ಯಾವ ನೋಡು."

ಅವನ ಕಣ್ಣಲ್ಲಿ ನೀರಿತ್ತು. ಮಗನ ಮೈ ಅಂತೂ ಮಾತು ಕೇಳಿತೆಂಬ ಸಂತೋಷದ ನೀರು. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಮರೆಯಲು ಎಷ್ಟು ಪ್ರಯತ್ನಿಸಿದರೂ ಆಗಿಲ್ಲ. ಅದೇ ಸಂಜೆ ಅಣ್ಣ ಅವ್ವನನ್ನು ಕರೆದು ನಾಚಿಕೆಯಿಂದ ಹೇಳಿದ, ಮೂತ್ರ ಹುಣಸೆಹಣ್ಣಿನ ನೀರಿನ ಹಾಗೆ ಕಪ್ಪಗೆ ಬರುತ್ತಿದೆ ಎಂದು. ನಮ್ಮ ಕಡೆ ಇದಕ್ಕೆ ಎಲ್ಲರ ಬಳಿಯೂ ಸಿದ್ಧ ಉತ್ತರವಿದೆ. ಉಷ್ಣ. ಮೈ ಕಾದಿದೆ, ತಂಪು ಮಾಡಬೇಕು. ಹೊಕ್ಕುಳಿಗೆ ಔಡಲೆಣ್ಣೆ ಹಚ್ಚಿದರು, ಕಾಲಿನ ಹೆಬ್ಬೆರಳಿಗೆ ಸುಣ್ಣ ಬಳಿದರು, ಮಜ್ಜಿಗೆ ಕುಡಿಸಿದರು. ದವಾಖಾನೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಉಷ್ಣಕ್ಕೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ? ಅವ್ವ ಮಾತ್ರ ಹಟ ಹಿಡಿದಳು, ಈ ಮನೆಯಲ್ಲಿದ್ದರೆ ಅವನು ಮತ್ತೆ ಗಡಿಗೆಯ ಮುಂದೆ ನಿಲ್ಲುತ್ತಾನೆ, ಕಮಲಾಪುರದಲ್ಲಿ ತೋಟದ ನೆರಳಿಗೆ ಮಲಗಲಿ ಎಂದು. ಅಪ್ಪ ಒಪ್ಪಿದ. ಬೇಸಿಗೆ ರಜೆಯಾದ್ದರಿಂದ ನಾನೂ ಜೊತೆಗೆ ಹೋದೆ.

ಆಯಿಯ ಮನೆಯಲ್ಲಿ ಅವನನ್ನು ತೋಟದ ಕಡೆಯ ಜಗಲಿಯಲ್ಲಿ ಮಲಗಿಸಿದರು. ಆಯಿಗೆ ಈ ಮೊಮ್ಮಗನೆಂದರೆ ಪ್ರಾಣ. ಸೊಂಟ ಬಗ್ಗಿದ ಮುದುಕಿ ತಾನೇ ತೋಟಕ್ಕೆ ಹೋಗಿ ಗಿಡದಲ್ಲೇ ಹಣ್ಣಾದ ಗೊನೆಯನ್ನು ಆರಿಸಿ ಕಡಿಸಿ ತಂದಳು. ತಲೆಗೆ ಎಣ್ಣೆ ತಟ್ಟುತ್ತ ಒಂದೊಂದೇ ಹಣ್ಣು ಸುಲಿದು ಬಾಯಿಗಿಟ್ಟಳು.

"ತಿನ್ನು ನನ್ನಪ್ಪಾ, ಬಾಳಿಹಣ್ಣು ತಂಪದ. ಉಷ್ಣೆಲ್ಲಾ ಇಳಿಸ್ತದ."

"ಸಾಕು ಆಯಿ, ಹೊಟ್ಟಿ ತೊಳಸಾಕತ್ತದ."

"ಉಷ್ಣಕ್ಕೇ ಹಂಗ ಆಗ್ತದ. ಇದೊಂದು ತಿನ್ನು. ಮ್ಯಾಲೆ ಎಳನೀರು ಕುಡಿ."

ಅವನು ತಿಂದ. ಹಿರಿಯರು ಕೊಟ್ಟದ್ದನ್ನು ಬೇಡವೆನ್ನುವ ಅಭ್ಯಾಸ ಅವನಿಗಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನನಗೂ ಹೊಟ್ಟೆ ತುಂಬ ಕೆಂಪು ಬಾಳೆಹಣ್ಣು ಸಿಕ್ಕಿತು, ನಾನು ಅವನ ಕಾಲಬಳಿ ಕೂತು ತಿಂದೆ. ಮರುದಿನ ಅವನಿಗೆ ಮೂತ್ರವೇ ಬರಲಿಲ್ಲ. ತುಟಿಯ ಸುತ್ತ ಜೋಮು ಹಿಡಿದಿದೆ ಎಂದ, ಕೈ ಎತ್ತಲು ಆಗುತ್ತಿಲ್ಲ ಎಂದ. ಪಕ್ಕದ ಮನೆಯವರ ಜೀಪು ಹಿಡಿದು ಕಲಬುರಗಿಯ ದವಾಖಾನೆಗೆ ಹೊರಟೆವು. ಅಣ್ಣನ ತಲೆ ಅವ್ವನ ತೊಡೆಯ ಮೇಲೆ, ಕಾಲು ನನ್ನ ಮಡಿಲಲ್ಲಿ. ಆ ಕಾಲುಗಳ ಭಾರಕ್ಕೆ ನನ್ನ ತೊಡೆ ಮರಗಟ್ಟಿತ್ತು.

"ತಂಗೀ," ಎಂದ ಮೆಲ್ಲಗೆ, "ಗಡಿಗ್ಯಾಗ ಇನ್ನಾ ಥೋಡೆ ಉಳದಾವ. ಅಪ್ಪಗ ಹೇಳು, ಬಂದು ತೀರಸ್ತೀನಿ ಅಂತ."

ಮಹಾಗಾಂವ ಕ್ರಾಸು ದಾಟಿದ ಮೇಲೆ ಅವ್ವ ಅವನ ಹೆಸರು ಹಿಡಿದು ಕೂಗತೊಡಗಿದಳು. ಜೀಪು ಓಡುತ್ತಲೇ ಇತ್ತು. ದವಾಖಾನೆಯಲ್ಲಿ ಅವನನ್ನು ಒಳಗೆ ಒಯ್ದವರು ಬೇಗನೆ ಹೊರಗೆ ಬಂದರು. ಡಾಕ್ಟರು ಎಲ್ಲವನ್ನೂ ಕೇಳಿದರು, ಜ್ವರ, ಬಸ್ಕಿ, ನೀರು, ಊತ, ಮೂತ್ರದ ಬಣ್ಣ. ಕೊನೆಗೆ ಏನು ತಿಂದಿದ್ದ ಎಂದು ಕೇಳಿದರು. ಅವ್ವ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡದ್ದು ನೆನಪಿದೆ.

"ಅದು ತೊಡಿ ತುಂಬಿದ್ದಲ್ಲಮ್ಮಾ. ಶಕ್ತಿ ಮೀರಿ ದುಡಿಸಿದ್ದಕ್ಕ ಮಾಂಸಖಂಡ ಒಡೆದು ರಕ್ತದಾಗ ಸೇರ್ಯಾವ. ಕಪ್ಪು ಮೂತ್ರ ಅಂದ್ರ ಅದೇ. ಅದರಿಂದ ಕಿಡ್ನಿ ಕಟ್ಟಿ ನಿಂತುಬಿಟ್ಟಾವ. ಅವು ನಿಂತಾಗ ಬಾಳೆಹಣ್ಣು, ಎಳನೀರಿನೊಳಗಿನ ಲವಣ ಮೈಯಿಂದ ಹೊರಗ ಹೋಗಂಗಿಲ್ಲ. ಅದು ಎದಿ ಬಡಿತಾನೇ ನಿಲ್ಲಸ್ತದ. ಮೂತ್ರ ಕಪ್ಪಾದ ದಿನಾನೇ ತಂದಿದ್ರ..."

ಅಷ್ಟರಲ್ಲಿ ಕಚೇರಿಯಿಂದ ಓಡಿಬಂದಿದ್ದ ಅಪ್ಪ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ.

ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಅದಕ್ಕೂ ಮೊದಲು ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ವಿಭೂತಿ ಹಚ್ಚಿ ಕೂಡಿಸುವುದು ಪದ್ಧತಿ. ಅಣ್ಣನ ಕಾಲು ಮಡಚಲಿಲ್ಲ. ಊದಿದ ತೊಡೆ ಒಂದರ ಮೇಲೊಂದು ಕೂರಲೇ ಇಲ್ಲ. ಬಂದ ಹಿರಿಯರು ಒತ್ತಿ ನೋಡಿ ಕೈಬಿಟ್ಟರು. ಕೊನೆಗೆ ಅಪ್ಪ ಅಣ್ಣನ ಎದುರು ಮಂಡಿಯೂರಿ, ಎರಡೂ ಕೈಯಿಂದ ಮಗನ ಮೊಣಕಾಲು ಹಿಡಿದು ಮೆಲ್ಲಗೆ ಅದುಮಿ ಮಡಚಿದ. ಆ ಕಾಲು ಮಡಚಿಸುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವ್ವ ಅದನ್ನು ನೋಡುತ್ತ ಕೂತಿದ್ದಳು, ಅಳುತ್ತಿರಲಿಲ್ಲ.

ಬಾಳೆಹಣ್ಣಿನ ಮಾತನ್ನು ಆಯಿಗೆ ಯಾರೂ ಹೇಳಬಾರದೆಂದು ಅವ್ವ ನಮ್ಮಿಂದ ಆಣೆ ಮಾಡಿಸಿಕೊಂಡಳು. ಹೇಳಲಿಲ್ಲ. ಆಯಿ ತಾನು ಬದುಕಿರುವ ತನಕ ಪ್ರತಿ ವರ್ಷ ಅಣ್ಣನ ನೆನಪಿನ ದಿನಕ್ಕೆ ಒಂದು ಗೊನೆ ಕೆಂಪು ಬಾಳೆ ಕಳಿಸಿದಳು, ನನ್ನ ಮೊಮ್ಮಗ ಕಡೆಗೆ ನನ್ನ ಕೈಯಿಂದಲೇ ತಿಂದ ಎಂದು ಎಲ್ಲರ ಮುಂದೆ ಹೇಳಿಕೊಂಡು ಸಮಾಧಾನಪಡುತ್ತಿದ್ದಳು. ಆ ಗೊನೆಯನ್ನು ಅವ್ವ ಓಣಿಯ ಆಕಳಿಗೆ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಮತ್ತೆ ಯಾರೂ ಬಾಳೆಹಣ್ಣು ಮುಟ್ಟಲಿಲ್ಲ.

ದಿನಕರ್ಮ ಮುಗಿದ ಮೇಲೆ ಅಪ್ಪ ಒಂದು ಬೆಳಿಗ್ಗೆ ಗಡಿಗೆ ಇಳಿಸಿದ. ಅಣ್ಣ ಉಳಿಸಿಹೋದ ಶೇಂಗಾವನ್ನು ಮುಂದಿಟ್ಟುಕೊಂಡು, ಅಣ್ಣನ ಪಾದದ ಕಲೆಯ ಮೇಲೆ ನಿಂತು, ತಿರುಚಿದ ಮೊಣಕಾಲಿನಲ್ಲೇ ಬಸ್ಕಿ ಹೊಡೆಯತೊಡಗಿದ. ಒಮ್ಮೆ ಕೂತು ಎದ್ದು, ಬಗ್ಗಿ ಒಂದು ಕಾಯಿ ಬಟ್ಟಲಿಗೆ ಹಾಕುವುದು. ಕೆಲವೇ ಬಸ್ಕಿಗೆ ಸುಸ್ತಾಗುತ್ತಿದ್ದ. ಮಗನ ಬಾಕಿಯನ್ನು ತಾನು ತೀರಿಸುವ ಯೋಚನೆ. ಆದರೆ ಅದು ತೀರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಪ್ಪ ಕಚೇರಿಯಿಂದ ಬರುವ ಮುಂಚೆ, ಅವ್ವ ಬಟ್ಟಲಿನಲ್ಲಿದ್ದ ಕಾಯಿಗಳನ್ನು ತಿರುಗಿ ಗಡಿಗೆಗೆ ಸುರಿಯುತ್ತಿದ್ದಳು. ಶೇಂಗಾ ಹುಳ ಹಿಡಿದರೆ ಹೊಸದು ತಂದು ಹಾಕುತ್ತಿದ್ದಳು. ನಾನು ಒಮ್ಮೆ ತಡೆಯಲಾರದೆ ಕೇಳಿದೆ.

"ಅವ್ವಾ, ಹಿಂಗ ಮಾಡಿದ್ರ ಅದು ಯಾವಾಗ ತೀರ್ತದ?"

"ತೀರಿಸಿ ಏನ್ ಮಾಡ್ತಾನ?" ಎಂದಳು, ದೀಪದ ಬತ್ತಿ ಸರಿಮಾಡುತ್ತ.

ಅವರಿಬ್ಬರೂ ಇದರ ಬಗ್ಗೆ ಒಂದು ದಿನವೂ ತುಟಿ ಬಿಚ್ಚಲಿಲ್ಲ. ಅವನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುತ್ತಿದ್ದಳು, ಮೊಣಕಾಲಿಗೆ ಎಣ್ಣೆ ಬಿಸಿಮಾಡಿ ಕೊಡುತ್ತಿದ್ದಳು, ಸಂಜೆ ಗಡಿಗೆ ತುಂಬುತ್ತಿದ್ದಳು. ನಾನು ಆ ಮನೆಯಲ್ಲಿ ಬೆಳೆದೆ, ಓದಿದೆ, ಶಾಲೆಯೊಂದರಲ್ಲಿ ಮಾಸ್ತರಿಕೆ ಹಿಡಿದೆ, ಅಪ್ಪ ಅವ್ವನ ಜೊತೆ ಆ ಮನೆಯಲ್ಲೇ ಉಳಿದೆ. ನಮ್ಮ ಶಾಲೆಯ ಹೊಸ ಟೀಚರೊಬ್ಬಳ ಕೈಗಡಿಯಾರ ಅವಳು ಒಂದು ದಿನ ವ್ಯಾಯಾಮ ತಪ್ಪಿಸಿದರೆ ಕೈಮೇಲೇ ಗುರುಗುಡುತ್ತದೆ. ತಪ್ಪಿದ್ದನ್ನೆಲ್ಲ ಭಾನುವಾರ ಸೇರಿಸಿ ಮಾಡಿ ಮುಗಿಸುತ್ತಾಳಂತೆ. ಹಾಗೆ ಮಾಡಬೇಡ, ಜಡ್ಡಿನಿಂದ ಎದ್ದ ಮೇಲೆ ಮೈಗೆ ಪುರುಸೊತ್ತು ಕೊಡು, ನೀರು ಕುಡಿ, ಮೂತ್ರದ ಬಣ್ಣ ನೋಡಿಕೋ ಎಂದೆ. "ಏನ್ ಮಾತಾಡ್ತೀರಿ ಮೇಡಂ" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ನನ್ನಿಂದ ಯಾರನ್ನೂ ಉಳಿಸಲಾಗುವುದಿಲ್ಲ ಎಂದು ನನಗೆ ಮನವರಿಕೆಯಾಗಿದೆ.

ಅವ್ವ ಹೋದ ವರ್ಷ ತೀರಿಕೊಂಡಳು. ಅಪ್ಪನ ಎರಡೂ ಮೊಣಕಾಲು ಈಗ ಸವೆದು ಹೋಗಿವೆ, ಕುರ್ಚಿ ಹಿಡಿದು ಅರ್ಧ ಕೂತು ಅರ್ಧ ಏಳುತ್ತಾನೆ. ಅದನ್ನೂ ಬಸ್ಕಿ ಎಂದು ಲೆಕ್ಕ ಹಿಡಿಯುತ್ತಾನೆ. ಅವ್ವ ಇಲ್ಲದ ಮೇಲೆ ಗಡಿಗೆಯ ಮಟ್ಟ ದಿನದಿನಕ್ಕೆ ಇಳಿಯುತ್ತ ಬಂತು, ನಾನು ನೋಡಿಯೂ ತುಂಬಿಸಲಿಲ್ಲ. ಮೊನ್ನೆ ಬೆಳಿಗ್ಗೆ ಅವನು ನನ್ನನ್ನು ಕರೆದ. ಗಡಿಗೆ ಬೋರಲಾಗಿತ್ತು, ಬಟ್ಟಲು ತುಂಬಿತ್ತು. ತೀರಿಸಿದವನ ಮುಖ ಹಾಗಿರುವುದಿಲ್ಲ, ದಾರಿ ತಪ್ಪಿದವನ ಹಾಗೆ ನೋಡುತ್ತಿದ್ದ.

"ಮಾದೇವಿ, ಗಡಿಗಿ ಖಾಲಿ ಆತಲ್ಲ."

"ಹೂಂ."

"ನಿಮ್ಮವ್ವ ಇರೋತನ ಇದು ಖಾಲಿ ಆಗಿದ್ದಿಲ್ಲ. ಆಕಿ ತುಂಬತಿದ್ಳು, ನಂಗ ಗೊತ್ತಿತ್ತು." ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. "ಇನ್ನ ನೀ ತುಂಬು. ಕಂಬಕ್ಕ ಕೂಡು, ನೀನೇ ಎಣಿಸು. ಬಗ್ಗಾಕ ಆಗವಲ್ದು ನಂಗ." ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದ, "ಬಸುಗ ನೀ ಎರಡೆರಡು ಹಾಕ್ತಿದ್ದಿ. ಅದೂ ನಂಗ ಗೊತ್ತಿತ್ತು."

ಅವನು ಏನು ಬೇಡುತ್ತಿದ್ದಾನೆಂದು ನನಗೆ ಅರ್ಥವಾಯಿತು. ಕನಿಕರ ಬರಬೇಕಿತ್ತು, ಮುದುಕ, ತಂದೆ, ಅವನಿಗೂ ನನ್ನ ಬಿಟ್ಟರೆ ಯಾರೂ ಇಲ್ಲ. ಬಟ್ಟಲಿನ ಶೇಂಗಾವನ್ನು ಗಡಿಗೆಗೆ ಸುರಿದೆ. ಕಂಬಕ್ಕೆ ಒರಗಿ ಕೂತು, ಖಾಲಿ ಬಟ್ಟಲನ್ನು ಮುಂದೆ ಇಟ್ಟುಕೊಂಡೆ. ಅಪ್ಪ ಅಣ್ಣನ ಕಲೆಯ ಮೇಲೆ ನಿಂತು, ಕುರ್ಚಿ ಹಿಡಿದು, ಹಲ್ಲು ಕಚ್ಚಿ ಕೂತ, ಎದ್ದ. ನನ್ನ ಕಡೆ ನೋಡಿದ. ನಾನು ಗಡಿಗೆಯಿಂದ ಒಂದು ಕಾಯಿ ತೆಗೆದು ತಾಮ್ರದ ಬಟ್ಟಲಿಗೆ ಹಾಕಿದೆ. ಅವನು ಮತ್ತೆ ಕೂತ, ಎದ್ದ. ನಾನು ಮತ್ತೊಂದು ಹಾಕಿದೆ, ಒಂದೇ.